ಒಂದು ಎಂದರೆ ಎಷ್ಟು?

ನಮ್ಮ ಮನೆಯಲ್ಲಿ ಪ್ರತಿರಾತ್ರಿ ಎಂಟೂವರೆಗೆ ಒಂದು ಗಂಟೆ ಬಾರಿಸುತ್ತದೆ. ಅದು ದೇವರಮನೆಯ ಗಂಟೆಯಲ್ಲ. ನಮ್ಮ ತಾಯಿಯವರ ಮೊಬೈಲ್ ಫೋನಿನ ಗಂಟೆ. ರಕ್ತದೊತ್ತಡದ ಮಾತ್ರೆಯನ್ನು ಅವರು ಮರೆಯದಿರಲೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡು ವರ್ಷಗಳ ಹಿಂದೆ ಒಂದು ಆ್ಯಪನ್ನು ಅದರಲ್ಲಿ ಹಾಕಿಕೊಟ್ಟಿದ್ದಳು. ಅವಳು ಕೆಲಸ ಮಾಡುವ ಬೆಂಗಳೂರಿನ ಸಣ್ಣ ಕಂಪನಿಯೇ ಅದನ್ನು ತಯಾರಿಸುವುದು. ಮೊದಮೊದಲು ಅದನ್ನು ಅನುಮಾನದಿಂದ ಕಂಡ ತಾಯಿಯವರು ಕ್ರಮೇಣ ಎಷ್ಟು ಒಗ್ಗಿಹೋದರೆಂದರೆ ಗೋಡೆಯ ಗಡಿಯಾರವನ್ನು ನೋಡುವುದನ್ನೇ ಬಿಟ್ಟರು. ಗಂಟೆ ಬಾರಿಸಿದರೆ ಎಂಟೂವರೆ. ಬಾರಿಸದಿದ್ದರೆ ಇನ್ನೂ ಎಂಟೂವರೆಯಾಗಿಲ್ಲ.

ಹೋದ ತಿಂಗಳು ಒಂದು ಮಂಗಳವಾರ ಆ ಗಂಟೆ ಬಾರಿಸಲಿಲ್ಲ. ಬುಧವಾರ ಬಾರಿಸಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಬೆಳಿಗ್ಗೆ ಹೂ ಬಿಡಿಸಲು ಹಿತ್ತಿಲಿಗೆ ಹೋದ ತಾಯಿಯವರು ತಲೆ ಸುತ್ತಿ, ಒಗೆಯುವ ಕಲ್ಲಿನ ಮೇಲೆ ಹಾಗೆಯೇ ಕುಳಿತುಬಿಟ್ಟರು. ವೈದ್ಯರು ಒತ್ತಡವನ್ನು ಅಳೆದು, ಹುಬ್ಬು ಗಂಟಿಕ್ಕಿ, "ಮಾತ್ರೆ ತಪ್ಪಿಸಿದಿರಾ ಅಮ್ಮ?" ಎಂದು ಕೇಳಿದರು. "ನಾನೆಲ್ಲಿ ತಪ್ಪಿಸಿದೆ? ಗಂಟೆ ಬಾರಿಸಲಿಲ್ಲ" ಎಂದು ತಾಯಿಯವರು ಸ್ವಲ್ಪ ಕೋಪದಿಂದಲೇ ಉತ್ತರವಿತ್ತರು. ಸದ್ಯ, ಹೆಚ್ಚಿನ ಅಪಾಯವೇನೂ ಸಂಭವಿಸಲಿಲ್ಲ.

ಮನೆಗೆ ಬಂದವನೇ ನಾನು ಆ ಹುಡುಗಿಗೆ ಫೋನು ಮಾಡಿದೆನು. ದನಿಯಲ್ಲಿ ತುಸು ಬಿರುಸು ಇದ್ದಿರಬೇಕು. ಅವಳು ಒಂದು ಕ್ಷಣ ಸುಮ್ಮನಿದ್ದು, "ತಪ್ಪು ನಮ್ಮದೇ ಸಾರ್. ಆದರೆ ಆ ತಪ್ಪು ಯಂತ್ರದ್ದಲ್ಲ, ವಾಕ್ಯದ್ದು. ಭಾನುವಾರ ಬರುತ್ತೇನೆ, ನೀವೇ ನೋಡಬೇಕು" ಎಂದಳು. ಕನ್ನಡ ಅಧ್ಯಾಪಕನಾದವನಿಗೆ ಇದಕ್ಕಿಂತ ದೊಡ್ಡ ಆಮಿಷವನ್ನು ಒಡ್ಡುವುದು ಸಾಧ್ಯವಿಲ್ಲ. ಕೋಪ ಅರ್ಧ ಅಲ್ಲಿಯೇ ಇಳಿಯಿತು.

ಭಾನುವಾರ ಅವಳು ಬಂದು, ಮೊದಲು ಒಳಗೆ ಹೋಗಿ ತಾಯಿಯವರ ಕಾಲಿಗೆ ನಮಸ್ಕರಿಸಿ, ಅನಂತರ ಹೊರಗಿನ ಜಗಲಿಯಲ್ಲಿ ಕಾಗದಗಳನ್ನು ಹರಡಿಕೊಂಡು ಕುಳಿತಳು. ಅವಳು ಹೇಳಿದುದನ್ನು ನನಗೆ ತಿಳಿದ ಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಆ್ಯಪಿನ ಹೊಸ ಆವೃತ್ತಿಯೊಂದು ಸಿದ್ಧವಾದ ಮೇಲೆ ಅದನ್ನು ಗೂಗಲಿನ ಪ್ಲೇ ಸ್ಟೋರಿಗೂ ಆಪಲಿನ ಆಪ್ ಸ್ಟೋರಿಗೂ ಏರಿಸಬೇಕು. ಪರೀಕ್ಷಕರಿಗೆ ಕೊಡುವುದು, ಟಿಪ್ಪಣಿ ಬರೆಯುವುದು, ಪರಿಶೀಲನೆಗೆ ಸಲ್ಲಿಸುವುದು, ಸ್ವಲ್ಪಸ್ವಲ್ಪವಾಗಿ ಜನರಿಗೆ ಬಿಡುವುದು, ದೂರುಗಳನ್ನು ಗಮನಿಸುತ್ತಿರುವುದು, ಹೀಗೆ ಬೇಸರ ಹುಟ್ಟಿಸುವ ಕೆಲಸ ಬಹಳವಿದೆ. ಹಿಂದೆ ಒಬ್ಬ ಮನುಷ್ಯನು ಕುಳಿತು ಮಾಡುತ್ತಿದ್ದ ಈ ಕೆಲಸವನ್ನು ಅವಳ ಕಂಪನಿಯವರು ಈಗ ಕೃತಕ ಬುದ್ಧಿಮತ್ತೆಯ ಏಜೆಂಟಿಗೆ ಒಪ್ಪಿಸಿದ್ದಾರೆ. ಏಜೆಂಟೆಂದರೆ ವಿಮೆ ಮಾಡಿಸುವ ಏಜೆಂಟರಲ್ಲ. ನಾವು ಮಾತಿನಲ್ಲಿ ಹೇಳಿದ ಕೆಲಸವನ್ನು ತಾನೇ ಹಂತಹಂತವಾಗಿ ಯೋಚಿಸಿ ನೆರವೇರಿಸುವ ಒಂದು ಗಣಕ ವ್ಯವಸ್ಥೆ.

ಈ ಏಜೆಂಟಿಗೆ ಕೈಗಳಿಲ್ಲ. ಆದುದರಿಂದ ಅದಕ್ಕೆ ಕೆಲವು 'ಟೂಲ್'ಗಳನ್ನು ಕೊಡುತ್ತಾರೆ. ಒಂದೊಂದು ಟೂಲೂ ಒಂದೊಂದು ಕೆಲಸ ಮಾಡುವ ಪ್ರೋಗ್ರಾಮು. ಅದಕ್ಕೊಂದು ಹೆಸರು, ಒಂದು ವಿವರಣೆ, ಅದರ ಕೈಯಲ್ಲಿಡಬೇಕಾದ ಮೌಲ್ಯಗಳ ಒಂದು ಪಟ್ಟಿ. ಆಂಥ್ರೊಪಿಕ್ ಎಂಬ ಅಮೆರಿಕದ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಪದ್ಧತಿಯಂತೆ ಇವನ್ನು ಏಜೆಂಟಿನ ಮುಂದೆ ಒಡ್ಡುವುದು ಈಗ ರೂಢಿಯಾಗಿದೆ. ಇದರಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿಯೊಂದೇ: ಸಾಮಾನ್ಯವಾಗಿ ಏಜೆಂಟು ಟೂಲಿನ ಒಳಗನ್ನು ನೋಡುವುದೇ ಇಲ್ಲ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು, ಅದಕ್ಕೆ ಏನನ್ನು ಕೊಡಬೇಕು ಎಂಬುದನ್ನೆಲ್ಲ ಅದು ನಿರ್ಣಯಿಸುವುದು ಆ ಹೆಸರು, ಆ ವಿವರಣೆ, ಆ ಪಟ್ಟಿ ಇವುಗಳ ಬಲದಿಂದ ಮಾತ್ರ. ಅಂದರೆ, ಲಕ್ಷಾಂತರ ರೂಪಾಯಿ ಬಾಳುವ ಯಂತ್ರಗಳ ನಡುವೆ, ಕೆಲಸದ ಅಳಿವು ಉಳಿವು ಯಾರೋ ಅವಸರದಲ್ಲಿ ಗೀಚಿದ ಎರಡು ಮೂರು ವಾಕ್ಯಗಳ ಮೇಲೆ ನಿಂತಿದೆ.

ನಮ್ಮ ತಾಯಿಯವರಿಗೆ ಮೂರು ರಾತ್ರಿಯ ಮಾತ್ರೆಯನ್ನು ತಪ್ಪಿಸಿದ ವಾಕ್ಯಗಳು ಅವಳ ಕಾಗದದಲ್ಲಿದ್ದವು. ಇಂಗ್ಲಿಷಿನಲ್ಲಿದ್ದ ಅವುಗಳನ್ನು ಕನ್ನಡಿಸಿದರೆ ಮೊದಲನೆಯದು ಹೀಗಿತ್ತು: ಬಿಡುಗಡೆ ಮಾಡುತ್ತದೆ. ಪ್ರಮಾಣ: ಎಷ್ಟು ಜನಕ್ಕೆ ಎಂಬುದು. ಅಷ್ಟೇ, ಮುಂದೆ ಒಂದಕ್ಷರವಿಲ್ಲ.

ಸೋಮವಾರ ಸಂಜೆ ಅವಳ ಮೇಲಧಿಕಾರಿಯು ಏಜೆಂಟಿಗೆ, "ಹೊಸ ಆವೃತ್ತಿಯನ್ನು ಶೇಕಡಾ ಒಂದರಷ್ಟು ಜನಕ್ಕೆ ಬಿಡು" ಎಂದು ಹೇಳಿ ಮನೆಗೆ ಹೋದರು. ಎಚ್ಚರಿಕೆಯ ಕ್ರಮ ಅದೇ. ಮೊದಲು ನೂರಕ್ಕೆ ಒಬ್ಬರಿಗೆ ಕೊಟ್ಟು, ಏನೂ ತೊಂದರೆಯಿಲ್ಲವೆಂದು ಕಂಡಮೇಲೆ ಐದು, ಹತ್ತು, ಐವತ್ತು ಎಂದು ಏರಿಸುತ್ತ ಹೋಗುವುದು. ಏಜೆಂಟು ಪ್ರಮಾಣದ ಸ್ಥಳದಲ್ಲಿ 1 ಎಂದು ಬರೆದು ಟೂಲನ್ನು ಕರೆಯಿತು. ಟೂಲನ್ನು ಬರೆದವನ ಮನಸ್ಸಿನಲ್ಲಿದ್ದುದಾದರೋ ಬೇರೆ. ಗೂಗಲಿನ ವ್ಯವಸ್ಥೆಯಲ್ಲಿ ಈ ಪ್ರಮಾಣವನ್ನು ಶೇಕಡಾ ರೂಪದಲ್ಲಿ ಹೇಳುವುದಿಲ್ಲ, ಭಿನ್ನರಾಶಿಯಾಗಿ ಹೇಳುತ್ತಾರೆ. ಶೇಕಡಾ ಒಂದು ಎಂದರೆ 0.01, ಶೇಕಡಾ ಐವತ್ತು ಎಂದರೆ 0.5. ಈ ಕಸುಬಿನವರು ಬಹಳವಾಗಿ ಬಳಸುವ 'ಫಾಸ್ಟ್‌ಲೇನ್' ಎಂಬ ಸಾಧನದಲ್ಲಿಯೂ 1 ಎಂದು ಬರೆದರೆ ಪೂರ್ತಿ, ಅಂದರೆ ಸರ್ವರಿಗೂ, ಎಂದೇ ಅರ್ಥ. ಆ ರೂಢಿಯನ್ನೇ ಅನುಸರಿಸಿ ಇವನೂ 1 ಬಂದರೆ ಎಲ್ಲರಿಗೂ ಬಿಡುವಂತೆ ಬರೆದಿದ್ದನು. ಹೊಸ ಆವೃತ್ತಿಯಲ್ಲಿ ಕೆಲವು ಬಗೆಯ ಫೋನುಗಳ ಮೇಲೆ ಗಂಟೆ ಬಾರಿಸದಂಥ ಒಂದು ದೋಷವಿತ್ತು. ನೂರಕ್ಕೆ ಒಬ್ಬರಲ್ಲಿ ಬಯಲಾಗಿ ಅಲ್ಲಿಯೇ ನಿಲ್ಲಬೇಕಾಗಿದ್ದ ದೋಷವು ಬೆಳಗಾಗುವಷ್ಟರಲ್ಲಿ ಊರೂರಿಗೂ ಹೊರಟಿತ್ತು.

ನಮ್ಮ ಕಾಲೇಜಿನಲ್ಲಿ ಒಬ್ಬ ಹಳೆಯ ಅಟೆಂಡರ್ ಇದ್ದಾನೆ. ಉಗ್ರಾಣದಿಂದ ಸೀಮೆಸುಣ್ಣ ಒಂದು ತಾ ಎಂದರೆ ಬಾಗಿಲಲ್ಲೇ ತಿರುಗಿ, "ಒಂದು ತುಂಡೋ, ಒಂದು ಪೆಟ್ಟಿಗೆಯೋ?" ಎಂದು ಕೇಳುತ್ತಾನೆ. ನಾನು ಬೇಸರಪಟ್ಟುಕೊಂಡ ದಿನಗಳೂ ಉಂಟು. ಈಗ ಅವನ ಮೇಲೆ ಗೌರವ ಹೆಚ್ಚಿದೆ. ಏಜೆಂಟು ಬುದ್ಧಿಯಲ್ಲಿ ಅವನಿಗಿಂತ ಕಡಿಮೆಯದೆಂದು ನಾನು ಹೇಳಲಾರೆ. ಆದರೆ ಅವನಿಗೆ ಮೂವತ್ತು ವರ್ಷಗಳ ಕಾಲೇಜು ಗೊತ್ತು. ಒಂದು ಎಂಬ ಮಾತು ಈ ಕಟ್ಟಡದಲ್ಲಿ ಎರಡರ್ಥ ಕೊಡುತ್ತದೆಂದು ಗೊತ್ತು. ಏಜೆಂಟಿಗಾದರೋ ಆ ಕಚೇರಿಯ ಗೋಡೆಗಳ ನೆನಪಿಲ್ಲ. ಅದಕ್ಕೆ ಅಲ್ಲಿ ಎರಡರ್ಥವಿದೆಯೆಂಬ ಸುಳಿವೇ ಸಿಕ್ಕಲಿಲ್ಲ, ಹೀಗಾಗಿ ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಮೇಲಧಿಕಾರಿಯು ಬಂದು, "ಹೊಸ ಆವೃತ್ತಿ ಹೇಗಿದೆ?" ಎಂದು ಕೇಳಿದರು. ಏಜೆಂಟು ಇನ್ನೊಂದು ಟೂಲನ್ನು ಕರೆಯಿತು. ಅದರ ವಿವರಣೆ: ಆವೃತ್ತಿಯ ಆರೋಗ್ಯವನ್ನು ತಿಳಿಸುತ್ತದೆ. ಸೊನ್ನೆ ಎಂದು ಉತ್ತರ ಬಂತು. "ಆರೋಗ್ಯವಾಗಿದೆ, ದೋಷಗಳು ಸೊನ್ನೆ" ಎಂದು ಏಜೆಂಟು ವರದಿ ಒಪ್ಪಿಸಿತು. ನಿಜ ಸಂಗತಿಯೇನೆಂದರೆ, ಆ ಟೂಲು ಅಳೆಯುತ್ತಿದ್ದುದು ಆ್ಯಪು ನಡುವೆ ಕುಸಿದುಬಿದ್ದ ಸಂದರ್ಭಗಳನ್ನು ಮಾತ್ರ. ಗಂಟೆ ಬಾರಿಸದಿರುವುದು ಕುಸಿತವಲ್ಲ. ಆ್ಯಪು ನೆಟ್ಟಗೇ ನಿಂತು ಮೌನವಾಗಿತ್ತು, ಅಷ್ಟೆ. ಅದೂ ಅಲ್ಲದೆ, ಈ ಬಗೆಯ ಅಂಕಿಗಳು ಗೂಗಲಿನಿಂದ ಒಡನೆಯೇ ಬರುವುದಿಲ್ಲ, ತಡವಾಗಿ ಬರುತ್ತವೆ. ಇನ್ನೂ ಅಂಕಿಗಳು ಬಾರದಿದ್ದಾಗಲೂ ಆ ಟೂಲು ಸೊನ್ನೆಯನ್ನೇ ಕೊಡುತ್ತಿತ್ತು. ದೋಷವಿಲ್ಲ ಎಂಬುದಕ್ಕೂ ಸುದ್ದಿಯಿಲ್ಲ ಎಂಬುದಕ್ಕೂ ಒಂದೇ ಚಿಹ್ನೆ! ಊರಿಗೆ ಹೋದ ಮಗನಿಂದ ಕಾಗದ ಬರಲಿಲ್ಲವೆಂದರೆ ಕ್ಷೇಮವಾಗಿದ್ದಾನೆ ಎಂದು ಯಾವ ತಾಯಿ ತಿಳಿದಾಳು?

ಬುಧವಾರ ಮಧ್ಯಾಹ್ನದ ವೇಳೆಗೆ ದೂರುಗಳು ಬರತೊಡಗಿದವು. ಮೇಲಧಿಕಾರಿಯು ಗಾಬರಿಯಿಂದ, "ಕೂಡಲೇ ಹಿಂದಕ್ಕೆ ತೆಗೆದುಕೋ" ಎಂದರು. ಏಜೆಂಟಿನ ಬಳಿ 'ರೋಲ್‌ಬ್ಯಾಕ್' ಎಂಬ ಹೆಸರಿನ ಟೂಲೊಂದಿತ್ತು. ಅಂದರೆ ಹಿಂದಕ್ಕೆ ಸುತ್ತಿಕೊಳ್ಳುವುದು. ವಿವರಣೆಯೂ ಅದನ್ನೇ ಹೇಳುತ್ತಿತ್ತು: ಹಿಂದಿನ ಆವೃತ್ತಿಗೆ ಮರಳಿಸುತ್ತದೆ. ಏಜೆಂಟು ಅದನ್ನು ಕರೆದು, "ಹಿಂದಿನ ಆವೃತ್ತಿಗೆ ಮರಳಿಸಲಾಗಿದೆ" ಎಂದು ತಿಳಿಸಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಕೆಲವರು ಟೀ ಕುಡಿಯಲು ಹೋದರಂತೆ.

ಆದರೆ ಪ್ಲೇ ಸ್ಟೋರಿನಲ್ಲಿ ಹಿಂದಕ್ಕೆ ಎಂಬ ದಾರಿಯೇ ಇಲ್ಲ. ಪ್ರತಿಯೊಂದು ಆವೃತ್ತಿಗೂ ಒಂದು ಸಂಖ್ಯೆಯುಂಟು. ಹೊಸದು ಹಳೆಯದಕ್ಕಿಂತ ದೊಡ್ಡದಾಗಿರಲೇಬೇಕು. ಒಮ್ಮೆ ದೊಡ್ಡ ಸಂಖ್ಯೆಯ ಆವೃತ್ತಿ ಸೇರಿದ ಫೋನಿಗೆ ಚಿಕ್ಕ ಸಂಖ್ಯೆಯದನ್ನು ಕಳಿಸಲಾಗದು. ಆ ಟೂಲು ನಿಜವಾಗಿ ಮಾಡುತ್ತಿದ್ದುದು ಹೊಸ ಆವೃತ್ತಿಯ ವಿತರಣೆಯನ್ನು ತಡೆಹಿಡಿಯುವುದನ್ನು ಮಾತ್ರ. ಇನ್ನೂ ಅದನ್ನು ಪಡೆಯದವರು ಉಳಿದುಕೊಂಡರು. ಆಗಲೇ ಪಡೆದವರ ಫೋನಿನಲ್ಲಿ ಅದು ಹಾಗೆಯೇ ಕುಳಿತಿತ್ತು, ನಮ್ಮ ತಾಯಿಯವರ ಫೋನಿನಲ್ಲಿ ಕುಳಿತ ಹಾಗೆ. ಹಳೆಯ ಪ್ರೋಗ್ರಾಮಿಗೇ ಹೊಸದಾಗಿ ಇನ್ನೂ ದೊಡ್ಡ ಸಂಖ್ಯೆಯನ್ನು ಕೊಟ್ಟು, ಹೊಸ ಆವೃತ್ತಿಯೆಂಬಂತೆ ಕಳಿಸುವುದೊಂದೇ ಮದ್ದು. ಅದನ್ನು ಅವರು ಮಾಡಿದ್ದು ಶುಕ್ರವಾರ ಮಧ್ಯಾಹ್ನ, ನನ್ನ ಫೋನು ಹೋದ ಮೇಲೆ. ಹೀಗಾಗಿ ಮಂಗಳವಾರ, ಬುಧವಾರದ ರಾತ್ರಿಗಳು ಒಂದನೆಯ ವಾಕ್ಯದ ಲೆಕ್ಕಕ್ಕೆ. ಗುರುವಾರದ ರಾತ್ರಿ ಈ ಕೊನೆಯ ವಾಕ್ಯದ ಲೆಕ್ಕಕ್ಕೆ. ಇವೆರಡರಲ್ಲಿ ಹೆಚ್ಚು ಪಾಪ ಯಾವುದಕ್ಕೆ ಎಂದು ಕೇಳಿದರೆ, ನನ್ನ ಮತ ಕೊನೆಯದರ ವಿರುದ್ಧ. ಮೊದಲನೆಯದು ಹೇಳಬೇಕಾದುದನ್ನು ಹೇಳಲಿಲ್ಲ. ಇದು ಆಗದಿರುವುದನ್ನು ಆಗುತ್ತದೆಂದು ಹೇಳಿತು.

ನಮ್ಮ ಶಾಸ್ತ್ರಕಾರರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಪಾಣಿನಿಯ ಸೂತ್ರಗಳ ಮೇಲೆ ಕಾತ್ಯಾಯನನು ವಾರ್ತಿಕಗಳನ್ನು ಬರೆದನಷ್ಟೆ. ವಾರ್ತಿಕದ ಕೆಲಸವೇನೆಂದರೆ ಉಕ್ತ, ಅನುಕ್ತ, ದುರುಕ್ತ ಈ ಮೂರನ್ನೂ ವಿಚಾರಿಸುವುದು: ಹೇಳಿದುದು, ಹೇಳದೆ ಬಿಟ್ಟುದು, ಕೆಟ್ಟದಾಗಿ ಹೇಳಿದುದು. ಅವಳ ಕಾಗದಗಳ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಇದನ್ನೇ ಗುರುತು ಹಾಕುತ್ತ ಹೋದೆನು. ಇಪ್ಪತ್ತಮೂರು ಟೂಲುಗಳ ವಿವರಣೆಗಳಲ್ಲಿ ಅನುಕ್ತ ಎಂಬ ಗುರುತು ಬೀಳದ ವಿವರಣೆ ನಾಲ್ಕೇ. ದುರುಕ್ತ ಐದು. ಪರೀಕ್ಷೆಯ ಉತ್ತರಪತ್ರಿಕೆಯಾಗಿದ್ದರೆ ಮೂರನೆಯ ದರ್ಜೆ.

"ಆದರೆ ಸಾರ್, ಸೂತ್ರ ಚಿಕ್ಕದಾಗಿರಬೇಕೆಂದು ನೀವೇ ಪಾಠ ಹೇಳಿದ್ದಿರಿ" ಎಂದು ಅವಳು ಆಕ್ಷೇಪಿಸಿದಳು. ಬಿ.ಎಸ್‌ಸಿ. ತರಗತಿಯಲ್ಲಿ ಕನ್ನಡವನ್ನು ಭಾಷಾವಿಷಯವಾಗಿ ಮಾತ್ರ ಓದಿದವಳಿಗೆ ಇಷ್ಟು ನೆನಪಿರುವುದು ನನಗೆ ಸಂತೋಷವೇ. ನಿಜ, ಸೂತ್ರವು ಅಲ್ಪಾಕ್ಷರವಾಗಿರಬೇಕು. ಆದರೆ ಅದರ ಜೊತೆಯಲ್ಲೇ ಅಸಂದಿಗ್ಧವೂ ಆಗಿರಬೇಕು. ಮತ್ತೊಂದು ಮಾತು. ಸೂತ್ರ ಎಂದೂ ಒಂಟಿಯಾಗಿ ಬದುಕಿದುದಲ್ಲ. ಅದಕ್ಕೆ ವೃತ್ತಿಯುಂಟು, ಭಾಷ್ಯವುಂಟು, ಎಲ್ಲಕ್ಕೂ ಮಿಗಿಲಾಗಿ ಎದುರಿಗೆ ಗುರುವುಂಟು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನು ಕೂಡ 'ಶಬ್ದಮಣಿದರ್ಪಣ'ದಲ್ಲಿ ಸೂತ್ರಗಳನ್ನು ಪದ್ಯದಲ್ಲಿ ಕಟ್ಟಿ, ತಾನೇ ವೃತ್ತಿಯನ್ನು ಬರೆದು, ಪ್ರಯೋಗಗಳನ್ನು ಕೊಟ್ಟನು. ಸೂತ್ರವನ್ನಷ್ಟೇ ಬರೆದು ಕೈತೊಳೆದುಕೊಳ್ಳಲಿಲ್ಲ. ಏಜೆಂಟಿಗೆ ಗುರುವಿಲ್ಲ, ಪಕ್ಕದ ಮೇಜಿನ ಸಹೋದ್ಯೋಗಿಯಿಲ್ಲ. ಆ ವಿವರಣೆಯೇ ಸೂತ್ರ, ಅದೇ ವೃತ್ತಿ, ಅದೇ ಪ್ರಯೋಗ.

ಅನಂತರ ನಾವಿಬ್ಬರೂ ಒಂದು ಉಪಾಯ ಮಾಡಿದೆವು. ಪ್ರತಿಯೊಂದು ಇಂಗ್ಲಿಷ್ ವಿವರಣೆಯನ್ನೂ ಕನ್ನಡಕ್ಕೆ ತಿರುಗಿಸುವುದು. ತಿರುಗಿಸುವಾಗ ಎಲ್ಲಿ ತಡೆಯುತ್ತದೆಯೋ ಅಲ್ಲಿ ಏನೋ ಅಡಗಿದೆಯೆಂದು ತಿಳಿಯುವುದು. ಇಂಗ್ಲಿಷಿನ 'ರಿಲೀಸ್' ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕನ್ನಡದಲ್ಲಿ ಬರೆಯಹೊರಟರೆ ಬಿಡುಗಡೆಯನ್ನು ಎನ್ನಬೇಕೋ, ಬಿಡು ಎನ್ನಬೇಕೋ ಎಂದು ವಿಭಕ್ತಿಯೇ ಕೈಹಿಡಿದು ಕೇಳುತ್ತದೆ. ಯಾರು, ಏನನ್ನು, ಯಾರಿಗೆ, ಎಲ್ಲಿಂದ, ಎಲ್ಲಿಗೆ? 'ಪ್ರಮೋಟ್' ಎಂಬ ಟೂಲೊಂದಿತ್ತು. ಅದನ್ನು ನಾನು ಜಾಹೀರಾತು ಕೊಡುವುದೆಂದು ತಿಳಿದೆ, ಅವಳು ನಕ್ಕಳು. ಪರೀಕ್ಷಕರ ಸಾಲಿನಲ್ಲಿರುವ ಆವೃತ್ತಿಯನ್ನು ಸಾರ್ವಜನಿಕರ ಸಾಲಿಗೆ ಏರಿಸುವುದು ಅದರ ಅರ್ಥವಂತೆ. ಪ್ಲೇ ಸ್ಟೋರಿನಲ್ಲಿ ಆಂತರಿಕ ಪರೀಕ್ಷೆ, ಮುಚ್ಚಿದ ಪರೀಕ್ಷೆ, ತೆರೆದ ಪರೀಕ್ಷೆ, ಸಾರ್ವಜನಿಕ ವಿತರಣೆ ಎಂದು ಸಾಲುಗಳಿವೆ. ಆಂತರಿಕ ಸಾಲಿನಲ್ಲಿ 100 ಜನ ಮೀರುವಂತಿಲ್ಲ. ಸಾರ್ವಜನಿಕ ಸಾಲಿನಲ್ಲಿ ನಮ್ಮ ತಾಯಿಯವರಿದ್ದಾರೆ. ಎಲ್ಲಿಂದ ಎಲ್ಲಿಗೆ ಎಂದು ಹೇಳದೆ ಏರಿಸುತ್ತದೆ ಎಂದಷ್ಟೇ ಬರೆಯುವುದು ಪಂಚಮಿಯನ್ನೂ ಚತುರ್ಥಿಯನ್ನೂ ನುಂಗಿದ ವಾಕ್ಯ.

ಟಿಪ್ಪಣಿ ಬರೆಯುವ ಟೂಲಿನಲ್ಲಿ ಪ್ರತಿ ಭಾಷೆಗೆ 500 ಅಕ್ಷರಗಳ ಮಿತಿಯೆಂದಿತ್ತು. ಇಲ್ಲಿ ನಾನು ಸುಮ್ಮನಿರಲಾರದೆ, "ಅಕ್ಷರವೆಂದರೆ ಯಾವುದಮ್ಮ? ಸ್ತ್ರೀ ಎಂಬುದು ನನಗೆ ಒಂದೇ ಅಕ್ಷರ" ಎಂದೆನು. ಅವಳು ಎಣಿಸಿ ನೋಡಿ, ಯೂನಿಕೋಡಿನ ಲೆಕ್ಕದಲ್ಲಿ ಅದು ಆರಾಗುತ್ತದೆಂದು ಹೇಳಿದಳು. ಸಕಾರ, ವಿರಾಮ, ತಕಾರ, ವಿರಾಮ, ರೇಫ, ದೀರ್ಘ ಈಕಾರ. ಕನ್ನಡದ ಟಿಪ್ಪಣಿ ಅರ್ಧಕ್ಕೇ ತುಂಡಾಗಿ ಹೋಗುತ್ತಿದ್ದುದರ ಕಾರಣ ಅವರಿಗೆ ಅಂದು ಹೊಳೆಯಿತಂತೆ. ಇಲ್ಲಿಯೂ ಅದೇ ಪ್ರಶ್ನೆ, ಒಂದು ಎಂದರೆ ಎಷ್ಟು?

ಆಪಲಿನ ಕಡೆ ಹೋದರೆ ತೊಡಕು ಬೇರೊಂದು ಬಗೆಯದು. ಅಲ್ಲಿಯೂ ಸ್ವಲ್ಪಸ್ವಲ್ಪವಾಗಿ ಬಿಡುವ ಕ್ರಮವಿದೆ. ಆದರೆ ಅದರ ಮೆಟ್ಟಿಲುಗಳನ್ನು ಆಪಲಿನವರೇ ಕಟ್ಟಿಟ್ಟಿದ್ದಾರೆ: ಏಳು ದಿನಗಳಲ್ಲಿ ಶೇಕಡಾ 1, 2, 5, 10, 20, 50, 100. ನಡುವೆ ಒಟ್ಟು 30 ದಿನಗಳವರೆಗೆ ನಿಲ್ಲಿಸಿಡಬಹುದು. ಅದಕ್ಕಿಂತ ಮುಖ್ಯವಾದುದೆಂದರೆ, ಈ ಮೆಟ್ಟಿಲುಗಳು ತಾನಾಗಿಯೇ ನವೀಕರಣಗೊಳ್ಳುವ ಫೋನುಗಳಿಗೆ ಮಾತ್ರ ಅನ್ವಯಿಸುತ್ತವೆ. ಯಾರಾದರೂ ತಾವೇ ಅಂಗಡಿಗೆ ಹೋಗಿ ಬೇಕೆಂದರೆ ಮೊದಲ ದಿನವೇ ಹೊಸ ಆವೃತ್ತಿ ಅವರ ಕೈಸೇರುತ್ತದೆ. ಗೂಗಲಿನಲ್ಲಾದರೋ ಆಯ್ಕೆಯಾದ ಭಾಗದವರಿಗೆ ಮಾತ್ರ ಅದು ಸಿಕ್ಕುವುದು. ಅವಳ ಕಂಪನಿಯಲ್ಲಿ ಎರಡೂ ಅಂಗಡಿಗಳ ಟೂಲುಗಳಿಗೆ ಒಂದೇ ವಾಕ್ಯವನ್ನು ನಕಲು ಮಾಡಿ ಅಂಟಿಸಿದ್ದರು. ಏಜೆಂಟು ಎರಡೂ ಒಂದೇ ಎಂದು ತಿಳಿದರೆ ಅದನ್ನು ಹೇಗೆ ದೂರುವುದು? ಇನ್ನು ಆಪಲಿನ 'ಸಬ್ಮಿಟ್'. ಪರಿಶೀಲನೆಗೆ ಸಲ್ಲಿಸುತ್ತದೆ ಎಂದು ವಿವರಣೆ. ಸಾಧುವಾದ ಮಾತು; ಆದರೆ ಒಪ್ಪಿಗೆ ದೊರೆತೊಡನೆ ತಾನಾಗಿಯೇ ಬಿಡುಗಡೆಯಾಗಲಿ ಎಂದು ಮೊದಲೇ ಹೊಂದಿಸಿಟ್ಟಿದ್ದರೆ, ಸಲ್ಲಿಸುವುದೇ ಬಿಡುವುದಕ್ಕೆ ಸಮ. ನಡುವೆ ಮತ್ತೆ ಯಾರೂ ಕೇಳುವುದಿಲ್ಲ. ಈ ಮಾತು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಬರೆದಿರಲಿಲ್ಲ.

ಆವೃತ್ತಿಯ ಸಂಖ್ಯೆಯನ್ನು ಕೊಡುವ ಟೂಲಿನ ಬಗ್ಗೆ ಅವಳೇ ಒಂದು ಭಯವನ್ನು ತೋಡಿಕೊಂಡಳು. ಪ್ಲೇ ಸ್ಟೋರು ಒಪ್ಪುವ ಅತಿ ದೊಡ್ಡ ಸಂಖ್ಯೆ 2100000000. ಏಜೆಂಟು ಹೇಗೂ ದೊಡ್ಡದಾಗಿರಬೇಕಲ್ಲ ಎಂದು ಆ ತುದಿಯ ಸಂಖ್ಯೆಯನ್ನೇ ಒಮ್ಮೆ ಬಿಡುಗಡೆ ಮಾಡಿಬಿಟ್ಟರೆ, ಅದರ ಮುಂದಿನದು ಎಂಬುದೇ ಇಲ್ಲ. ಆ ಆ್ಯಪಿಗೆ ಇನ್ನೆಂದಿಗೂ ಹೊಸ ಆವೃತ್ತಿ ಕೊಡುವಂತಿಲ್ಲ. ಹಿಂದಿನದಕ್ಕಿಂತ ದೊಡ್ಡದಾಗಿರಬೇಕು ಎಂಬುದು ಸರಿಯಾದ ವಾಕ್ಯವೇ. ಹಿಂದಿನದಕ್ಕೆ ಒಂದನ್ನು ಕೂಡಿಸಿ ಬರೆಯಬೇಕು ಎಂಬುದು ಸಾಕಾಗುವ ವಾಕ್ಯ. ಎರಡಕ್ಕೂ ಎಷ್ಟು ಅಂತರ!

ಹೀಗೆ ಮಾತನಾಡುತ್ತಿರುವಾಗ ತಾಯಿಯವರು ಕಾಫಿ ತಂದರು. ಕಾಫಿಯ ತಟ್ಟೆಯ ಜೊತೆಗೆ ಮಾತ್ರೆಯ ಡಬ್ಬಿಯನ್ನೂ ತಂದಿಟ್ಟು, "ನೋಡು ಮಗು, ಇನ್ನು ಮೇಲೆ ನಿನ್ನ ಗಂಟೆಯನ್ನು ಮಾತ್ರ ನಂಬುವುದಿಲ್ಲ" ಎಂದರು. ಡಬ್ಬಿಯ ಮೇಲೆ ವೈದ್ಯರು ಹೇಳಿದುದನ್ನು ಅವರು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದರು: ರಾತ್ರಿ ಊಟವಾದ ಮೇಲೆ. ಬಿಳಿಯದು, ಅರ್ಧ ಮಾತ್ರೆ. ಹಳದಿಯದು ಬೆಳಗಿನದು, ಇದರೊಡನೆ ಸೇರಿಸಬಾರದು. ಮರೆತರೆ ಮಾರನೆಯ ದಿನ ಎರಡು ಪಾಲು ತೆಗೆದುಕೊಳ್ಳಬಾರದು, ಡಾಕ್ಟರನ್ನು ಕೇಳುವುದು.

ಹುಡುಗಿಯು ಡಬ್ಬಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದಳು. ಅನಂತರ ಒಂದು ಮಾತನ್ನೂ ಆಡದೆ, ಬಿಡುಗಡೆಯ ಟೂಲಿನ ವಿವರಣೆಯನ್ನು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದಳು. ನಾನು ಅಲ್ಲಲ್ಲಿ ತಿದ್ದಿದೆನು. ಕೊನೆಗೆ ಉಳಿದುದು ಇದು:

ಪರೀಕ್ಷೆ ಮುಗಿದ ಒಂದು ಆವೃತ್ತಿಯನ್ನು ಗೂಗಲ್ ಪ್ಲೇ ಸ್ಟೋರಿನ ಸಾರ್ವಜನಿಕ ಬಳಕೆದಾರರಲ್ಲಿ ಒಂದು ಭಾಗಕ್ಕೆ ಮಾತ್ರ ಬಿಡುತ್ತದೆ. 'ಶೇಕಡಾ' ಎಂಬಲ್ಲಿ 1ರಿಂದ 99ರವರೆಗಿನ ಪೂರ್ಣಾಂಕವನ್ನು ಬರೆಯಬೇಕು. 1 ಎಂದರೆ ನೂರಕ್ಕೆ ಒಬ್ಬರು. ಎಲ್ಲರಿಗೂ ಬಿಡಲು ಇದನ್ನು ಬಳಸಬಾರದು; ಅದಕ್ಕೆ ಬೇರೆ ಟೂಲು ಇದೆ, ಅದನ್ನು ಕರೆಯುವ ಮುನ್ನ ಜವಾಬ್ದಾರರೊಬ್ಬರ ಒಪ್ಪಿಗೆಯನ್ನು ಕೇಳಿ ಪಡೆಯಬೇಕು. ಫೋನನ್ನು ಒಮ್ಮೆ ಸೇರಿದ ಆವೃತ್ತಿಯನ್ನು ಯಾವ ಟೂಲಿನಿಂದಲೂ ಹಿಂದಕ್ಕೆ ತರಲಾಗದು. ಎಷ್ಟು ಜನಕ್ಕೆ ಎಂಬುದು ಸ್ಪಷ್ಟವಿಲ್ಲದಿದ್ದರೆ ಕರೆಯದೆ ಕೇಳಬೇಕು.

'ರೋಲ್‌ಬ್ಯಾಕ್' ಎಂಬ ಹೆಸರನ್ನು ತೆಗೆದು 'ವಿತರಣೆ ತಡೆ' ಎಂಬರ್ಥದ ಹೆಸರನ್ನಿಟ್ಟೆವು; ಈಗಾಗಲೇ ಪಡೆದವರಿಗೆ ಇದರಿಂದ ಯಾವ ಪರಿಹಾರವೂ ಇಲ್ಲ ಎಂಬುದನ್ನು ಅದರ ಮೊದಲ ವಾಕ್ಯದಲ್ಲೇ ಹಾಕಿದೆವು. ಆರೋಗ್ಯವೆಂಬ ಮಾತು ಹೋಗಿ ಕುಸಿತಗಳ ಪ್ರಮಾಣ ಎಂಬುದು ಬಂತು. ಅಂಕಿಗಳು ಬಾರದಿದ್ದಾಗ ಸೊನ್ನೆಯ ಬದಲು 'ಮಾಹಿತಿ ಇನ್ನೂ ಬಂದಿಲ್ಲ' ಎಂಬ ಉತ್ತರವೇ ಬರಬೇಕೆಂದು ನಿರ್ಧರಿಸಿದಳು. ಅದಕ್ಕೆ ವಾಕ್ಯವನ್ನಲ್ಲ, ಪ್ರೋಗ್ರಾಮನ್ನೇ ತಿದ್ದಬೇಕಾಗುತ್ತದೆ.

ಇದರಲ್ಲಿ ನನ್ನ ಉತ್ಸಾಹಕ್ಕೆ ಅವಳು ಕಡಿವಾಣ ಹಾಕಿದ ಸಂಗತಿಯನ್ನೂ ಹೇಳಬೇಕು. ಇಪ್ಪತ್ತಮೂರಕ್ಕೂ ಹೀಗೆ ಉದ್ದುದ್ದ ಬರೆಯೋಣವೆಂದು ನಾನು ಹೊರಟಿದ್ದೆ. ಅವಳು ಬೇಡವೆಂದಳು. ಟೂಲುಗಳ ವಿವರಣೆಗಳೆಲ್ಲವೂ ಏಜೆಂಟಿನ ಮುಂದೆ ಏಕಕಾಲದಲ್ಲಿ ಹರಡಿರುತ್ತವಂತೆ. ಅವು ಬೆಳೆದಷ್ಟೂ ವೆಚ್ಚ ಬೆಳೆಯುತ್ತದೆ, ಮುಖ್ಯವಾದುದು ಅಮುಖ್ಯದಲ್ಲಿ ಮುಳುಗುತ್ತದೆ. ಆವೃತ್ತಿಗಳ ಪಟ್ಟಿಯನ್ನು ತೋರಿಸುವ ಟೂಲಿಗೆ ಒಂದು ಸಾಲು ಸಾಕು. ಅದು ತಪ್ಪಿ ಎರಡು ಸಲ ಕರೆಯಲ್ಪಟ್ಟರೆ ಯಾರ ಗಂಟೆಯೂ ನಿಲ್ಲುವುದಿಲ್ಲ. ಹಿಂದಕ್ಕೆ ತರಲಾಗದ ಕೆಲಸಗಳಿಗೆ ಮಾತ್ರ ಮಾತು ಖರ್ಚು ಮಾಡೋಣ ಎಂದಳು. ಒಪ್ಪಿದೆ.

ಎರಡನೆಯದಾಗಿ, ವಾಕ್ಯವು ಬೀಗವಲ್ಲ ಎಂದಳು. ಮೇಲೆ ಹೇಳಿದ ಪದ್ಧತಿಯ 2025ರ ಮಾರ್ಚಿನ ಪರಿಷ್ಕರಣೆಯಲ್ಲಿ ಟೂಲುಗಳಿಗೆ 'ಇದು ಓದುವುದಷ್ಟೆ', 'ಇದು ಹಾಳುಮಾಡಬಲ್ಲದು' ಎಂಬರ್ಥದ ಗುರುತುಗಳನ್ನು ಹಚ್ಚುವ ಅವಕಾಶ ಬಂದಿದೆ. ಆದರೆ ಅವು ಸೂಚನೆಗಳು ಮಾತ್ರವೆಂದು ಅದನ್ನು ರಚಿಸಿದವರೇ ಎಚ್ಚರಿಸಿದ್ದಾರೆ. ಆದ್ದರಿಂದ ಶೇಕಡಾ 99ನ್ನು ಮೀರಿದ ಸಂಖ್ಯೆ ಬಂದರೆ ಟೂಲೇ ನಿರಾಕರಿಸಬೇಕು. ಎಲ್ಲರಿಗೂ ಬಿಡುವ ಕೆಲಸಕ್ಕೆ ಮನುಷ್ಯನ ಬೆರಳು ಬೀಳಲೇಬೇಕು. ಭಾಷೆಯ ಅಧ್ಯಾಪಕನಿಗೆ ಇದು ಸ್ವಲ್ಪ ಕಹಿಯಾದ ಮಾತು. ಹಾಗಿದ್ದರೂ ಬಾಗಿಲಿಗೆ ಒಳಗೆ ಬರಬಾರದು ಎಂದು ಬರೆದಿದ್ದರೂ ನಾವು ಚಿಲಕ ಹಾಕುತ್ತೇವಷ್ಟೆ.

ನಾನು ಒಂದು ವಿಷಯದಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ. ಹೊಸ ವಿವರಣೆಗಳನ್ನು ಜಾರಿಗೆ ತರುವ ಮುನ್ನ, ಈ ಕೆಲಸದ ಗಂಧವಿಲ್ಲದ ಒಬ್ಬರ ಕೈಗೆ ಅವನ್ನು ಕೊಟ್ಟು, "ಶೇಕಡಾ ಒಂದಕ್ಕೆ ಬಿಡು ಎಂದರೆ ನೀವು ಏನು ಬರೆಯುತ್ತೀರಿ?" ಎಂದು ಕೇಳಿ ನೋಡಬೇಕು, ಅನಂತರ ಸೋಮವಾರದ ಅದೇ ಮಾತುಗಳನ್ನು, ನಿಜವಾದ ಅಂಗಡಿಗೆ ತಾಗದಂತೆ, ಏಜೆಂಟಿಗೂ ಹೇಳಿ ನೋಡಬೇಕು ಎಂದೆನು. ಬರೆದವನಿಗೆ ತನ್ನ ಅನುಕ್ತ ಎಂದೂ ಕಾಣುವುದಿಲ್ಲ. ಅವಳು ಅದನ್ನು ಬರೆದುಕೊಂಡಳು.

ಮುಂದಿನ ಗುರುವಾರ ಅವಳಿಂದ ಸಂದೇಶ ಬಂತು. ಅದೇ ಮೇಲಧಿಕಾರಿಯು ಅದೇ ಅವಸರದಲ್ಲಿ, ಈ ಸಲ "ಒಂದಕ್ಕೆ ಬಿಡು" ಎಂದಷ್ಟೇ ಹೇಳಿ ಎದ್ದರಂತೆ. ಏಜೆಂಟು ಟೂಲನ್ನು ಕರೆಯಲಿಲ್ಲ. "ನೂರಕ್ಕೆ ಒಬ್ಬರಿಗೆ ಎಂದು ತಿಳಿಯಲೇ?" ಎಂದು ಕೇಳಿತು. ಅವರು ಬಾಗಿಲಿನಿಂದ ಹಿಂದಿರುಗಿ ಬಂದು ಉತ್ತರ ಕೊಡಬೇಕಾಯಿತು.

ನಮ್ಮ ಮನೆಯ ಗಂಟೆ ಈಗ ಸರಿಯಾಗಿ ಬಾರಿಸುತ್ತಿದೆ. ಆದರೆ ದೋಷವನ್ನು ಸರಿಪಡಿಸಿ ಕಳಿಸಿದ ಆವೃತ್ತಿಯಲ್ಲಿ ಗಂಟೆಯ ನಾದವನ್ನೂ ಬದಲಾಯಿಸಿದ್ದಾರೆ. ತಾಯಿಯವರಿಗೆ ಅದು ಸ್ವಲ್ಪವೂ ಹಿಡಿಸಿಲ್ಲ. "ಹಳೆಯದನ್ನೇ ಹಿಂದಕ್ಕೆ ಕೊಡಲು ಹೇಳೋ" ಎಂದು ದಿನಕ್ಕೊಮ್ಮೆ ಹೇಳುತ್ತಾರೆ. ಹಿಂದಕ್ಕೆ ಎಂಬುದು ಅಲ್ಲಿ ಏಕೆ ಸಾಧ್ಯವಿಲ್ಲವೆಂದು ವಿವರಿಸಲು ನಾನು ಎರಡು ಸಲ ಪ್ರಯತ್ನಿಸಿ ಸೋತಿದ್ದೇನೆ.